ವಂಶಮೂಲದ ಡಿಎನ್‌ಎ ಪರೀಕ್ಷೆ: ಅಂಕೋಲೆಯ ಹಾಲಕ್ಕಿ ಮನೆಯೊಂದರ ಅನುಭವ

ಮನೆಗೆ ಕಿಟ್ ಕಳಿಸಿ, ಎಂಜಲಿನ ಮಾದರಿಯಿಂದ ವಂಶಮೂಲ ತಿಳಿಸುವ ಖಾಸಗಿ ಕಂಪನಿಯೊಂದರ ಸೇವೆಯನ್ನು ಅಂಕೋಲೆಯ ನಮ್ಮ ಮನೆಯಲ್ಲಿ ಬಳಸಿ ನೋಡಿದೆವು. ನಾವು ಉತ್ತರ ಕನ್ನಡ ಜಿಲ್ಲೆಯ ಹಾಲಕ್ಕಿ ಒಕ್ಕಲಿಗ ಸಮುದಾಯದವರು. ಮಾದರಿ ಕೊಟ್ಟವರು ನನ್ನ ಅಜ್ಜಿ.

ಕೊಳವೆ ಭದ್ರವಾಗಿದೆ, ವರದಿಯೂ ಹೇಳಿದ ಅವಧಿಯೊಳಗೆ ಬಂತು. ಆದರೆ ಸೂಚನೆಗಳೆಲ್ಲ ಇಂಗ್ಲಿಷಿನಲ್ಲಿವೆ. ಅರ್ಧ ಗಂಟೆ ಏನೂ ತಿನ್ನಬಾರದೆಂದು ನಾನು ಓದಿ ಹೇಳುವಷ್ಟರಲ್ಲಿ ಅಜ್ಜಿ ಕವಳ (ಎಲೆಅಡಿಕೆ) ಹಾಕಿಯಾಗಿತ್ತು. ಬಾಯಿ ಮುಕ್ಕಳಿಸಿ, ಮತ್ತೆ ಕಾದು, ಎಂಬತ್ತು ದಾಟಿದ ಒಣಬಾಯಿಯಿಂದ ಕೊಳವೆಯ ಗೆರೆ ಮುಟ್ಟಿಸಲು ಅವರು ಬಹಳ ಕಷ್ಟಪಟ್ಟರು.

ವರದಿಯ ನಕಾಶೆಯಲ್ಲಿ 'ದಕ್ಷಿಣ ಭಾರತ' ಎಂಬ ಒಂದೇ ಬಣ್ಣ ಹೆಚ್ಚುಕಡಿಮೆ ಪೂರ್ತಿ ಹರಡಿತ್ತು. ಇಂಥ ಕಂಪನಿಗಳು ನಮ್ಮ ಡಿಎನ್‌ಎಯನ್ನು ತಮ್ಮಲ್ಲಿ ಮೊದಲೇ ಇರುವ ಮಾದರಿಗಳೊಂದಿಗೆ ಹೋಲಿಸುತ್ತವೆ. ಆ ಸಂಗ್ರಹದಲ್ಲಿ ಒಂದು ಸಮುದಾಯವೇ ಇಲ್ಲವಾದರೆ, ಅದರ ಪಾಲು ಹತ್ತಿರದ ದೊಡ್ಡ ಗುಂಪಿನ ಲೆಕ್ಕಕ್ಕೆ ಸೇರಿಹೋಗುತ್ತದೆ. ಮೊದಲ ಪುಟದಲ್ಲೇ ಹೇಳಬೇಕಾದ ಈ ಮಿತಿಯನ್ನು ಕೊನೆಯಲ್ಲಿ ಸಣ್ಣಕ್ಷರದಲ್ಲಿ ಇಟ್ಟಿದ್ದಾರೆ. ಓದಿ ಹೇಳಿದಾಗ, ಕೊರಳ ತುಂಬ ಮಣಿಸರ ಧರಿಸಿ, ರವಿಕೆಯಿಲ್ಲದೆ ಸೀರೆಯನ್ನು ಹೆಗಲಿಗೆ ಗಂಟಿಕ್ಕಿ ಕುಳಿತಿದ್ದ ಅಜ್ಜಿ ಕೇಳಿದ್ದು ಒಂದೇ ಮಾತು: "ನಮ್ಮ ಹೆಸ್ರೇ ಇಲ್ವಾ?"

ಈ ಪ್ರಶ್ನೆ ನಮಗೆ ಹೊಸದಲ್ಲ. ಹಾಡಿಗಾಗಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ, ಗಿಡಮರಗಳಿಗಾಗಿ ತುಳಸಿ ಗೌಡರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಇಬ್ಬರೂ ಹಾಲಕ್ಕಿಯವರೇ, ಅವರ ಸಮುದಾಯ ಮಾತ್ರ ಪರಿಶಿಷ್ಟ ಪಂಗಡದ ಪಟ್ಟಿಯ ಹೊರಗೇ ಕಾಯುತ್ತಿದೆ. ನಮ್ಮ ಜಿಲ್ಲೆಯ ಸಿದ್ದಿಯರೂ ಗೋವಾದ ಕುಣಬಿಗಳೂ 2003ರಲ್ಲಿ ಪಟ್ಟಿ ಸೇರಿದರು, ಗಡಿಯ ಈಚೆ ಜೋಯಿಡಾದ ಕುಣಬಿಗಳು ಸೇರಲಿಲ್ಲ. ನಮ್ಮ ಕೊಪ್ಪದ (ಹಾಲಕ್ಕಿ ಕೇರಿಯ) ಹಿರಿಯರೊಬ್ಬರು ಪಟ್ಟಿ ಸೇರಲು ಈ ವರದಿ ದಾಖಲೆಯಾಗಿ ನಡೆಯುತ್ತದೆಯೇ ಎಂದು ಆಸೆಯಿಂದ ಕೇಳಿದರು. ನಡೆಯುವುದಿಲ್ಲ. ಪರಿಶಿಷ್ಟ ಪಂಗಡಗಳನ್ನು ಗುರುತಿಸಲು 1965ರ ಲೋಕೂರ್ ಸಮಿತಿ ಹೇಳಿದ ಲಕ್ಷಣಗಳಲ್ಲಿ ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹಿಂದುಳಿದಿರುವಿಕೆ ಇವೆ, ಡಿಎನ್‌ಎ ಇಲ್ಲ. ಗೌಡ (ಮುಖ್ಯಸ್ಥ), ಬುದವಂತ (ಅವನ ಸಲಹೆಗಾರ), ಕೋಲಕಾರ (ಸುದ್ದಿ ಮುಟ್ಟಿಸುವವ) ಎಂದು ಇಂದಿಗೂ ಕೊಪ್ಪದ ವ್ಯವಸ್ಥೆ ನಡೆಸುವ ನಮ್ಮನ್ನು ಗುರುತಿಸಲು ಎಂಜಲಿನ ಕೊಳವೆ ಬೇಕಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಸೇವೆಗೆ ನಾನು ಐದರಲ್ಲಿ ಎರಡು ಅಂಕ ಕೊಡುತ್ತೇನೆ. ಹಾಲಕ್ಕಿ, ಕುಣಬಿ, ಗೊಂಡ ಮನೆಗಳವರು ಹಣ ಕಟ್ಟುವ ಮೊದಲು, ತಮ್ಮ ಸಮುದಾಯದ ಮಾದರಿಗಳು ಕಂಪನಿಯ ಸಂಗ್ರಹದಲ್ಲಿ ಇವೆಯೇ, ತಾವು ಕೊಟ್ಟ ಮಾದರಿಯನ್ನು ಮುಂದೆ ಏನು ಮಾಡುತ್ತಾರೆ ಎಂದು ಬರಹದಲ್ಲಿ ಉತ್ತರ ಪಡೆಯಿರಿ.