ಜಿಪ್ಸಿ ಎತ್ತರಿಸಲು ಮೂರು ದಾರಿ: ಉದ್ದ ಶ್ಯಾಕಲ್, ಹೆಚ್ಚುವರಿ ಪಾಟಾ, ಪೂರ್ತಿ ಕಿಟ್

ಜಿಪ್ಸಿ ಎತ್ತರ ಮಾಡಬೇಕು ಅಂತ ಕಲಬುರಗಿಯಲ್ಲಿ ಯಾರನ್ನೇ ಕೇಳಿ, ಮೊದಲು ಸಿಗುವ ಸಲಹೆ "ಶ್ಯಾಕಲ್ ಉದ್ದ ಮಾಡಿಸಿಬಿಡ್ರಿ". ಎರಡನೆಯದು, ಲಾರಿ ಪಾಟಾ (ಗಾಡಿಯ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿ, ಲೀಫ್ ಸ್ಪ್ರಿಂಗ್) ಕೆಲಸದವರ ಹತ್ತಿರ ಹೋಗಿ ಒಂದು ಪಾಟಾ ಜಾಸ್ತಿ ಹಾಕಿಸುವುದು. ಮೂರನೆಯದು ದುಡ್ಡು ಕೊಟ್ಟು ಎರಡು ಇಂಚು ಎತ್ತರಿಸುವ ಪೂರ್ತಿ ಕಿಟ್ ತರಿಸುವುದು. ಮೂರನ್ನೂ ನಾನು ಒಂದೇ ಗಾಡಿಗೆ, ಮನೆ ಅಂಗಳದಲ್ಲೇ ಹಾಕಿ ಓಡಿಸಿದ್ದೇನೆ. ಗಾಡಿ 1.3 ಲೀಟರಿನ ಮಾರುತಿ ಜಿಪ್ಸಿ ಕಿಂಗ್. ಓಡುವುದು ಚಿತ್ತಾಪುರ ಕಡೆಯ ತೊಗರಿ ಹೊಲದ ಬಂಡಿದಾರಿ, ಚಿಂಚೋಳಿ ಕಡೆಯ ಕಲ್ಲು ಹಾದಿ, ಮಿಕ್ಕಿದ್ದು ಡಾಂಬರು. ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ದುಡ್ಡಿದ್ದರೆ ಕಿಟ್, ಇಲ್ಲದಿದ್ದರೆ ಪಾಟಾ, ಬರೀ ಶ್ಯಾಕಲ್ ಬೇಡ.

ಆದರೆ ಅದಕ್ಕೂ ಮೊದಲು ಟೈರಿನ ಮಾತು ಆಗಬೇಕು, ಯಾಕಂದರೆ ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ಜಿಪ್ಸಿಗೆ ಮುಂದೆಯೂ ಹಿಂದೆಯೂ ಎರಡು ಗಾಲಿ ಜೋಡಿಸುವ ಒಂದೇ ಗಟ್ಟಿ ಆಕ್ಸಲ್, ನಾಲ್ಕೂ ಕಡೆ ಪಾಟಾ. ಕಂಪನಿ ಹೇಳುವ ನೆಲದಂತರ (ಗ್ರೌಂಡ್ ಕ್ಲಿಯರೆನ್ಸ್) 210 ಮಿಲಿಮೀಟರ್. ಗಾಡಿಯ ಕೆಳಗೆ ಎಲ್ಲಕ್ಕಿಂತ ತಗ್ಗಿನಲ್ಲಿರುವುದು ಆಕ್ಸಲ್‌ನಲ್ಲಿರುವ ಡಿಫರೆನ್ಶಿಯಲ್ ಗುಂಡು, ಅಂದರೆ ಎರಡೂ ಗಾಲಿಗೆ ಶಕ್ತಿ ಹಂಚುವ ಗಿಯರ್ ಇರುವ ಉಬ್ಬು. ನೀವು ಯಾವ ಲಿಫ್ಟ್ ಹಾಕಿದರೂ ಆ ಗುಂಡು ಒಂದು ಕೂದಲಷ್ಟೂ ಮೇಲೆ ಬರುವುದಿಲ್ಲ. ಮೇಲೆ ಹೋಗುವುದು ಚಾಸಿ, ಬಾಡಿ, ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಆಕ್ಸಲ್‌ಗೆ ಶಕ್ತಿ ಕಳಿಸುವ ಗಿಯರ್ ಪೆಟ್ಟಿಗೆ), ಪೆಟ್ರೋಲ್ ಟ್ಯಾಂಕ್. ಮಳೆಗಾಲದಲ್ಲಿ ಎರೆ ಮಣ್ಣಿನಲ್ಲಿ ಟ್ರ್ಯಾಕ್ಟರ್ ಹೋದ ದಾರಿ ನೋಡಿದ್ದೀರಲ್ವಾ, ಎರಡೂ ಕಡೆ ಆಳದ ಗಾಲಿ ಜಾಡು, ನಡುವೆ ದಿಬ್ಬ. ಆ ದಿಬ್ಬಕ್ಕೆ ಮೊದಲು ತಾಗುವುದು ಆ ಗುಂಡೇ. ಅದನ್ನು ಎತ್ತುವುದು ದೊಡ್ಡ ಟೈರ್ ಮಾತ್ರ. ಕಂಪನಿಯ 205/70 ಆರ್15 ಟೈರಿನ ಎತ್ತರ ಸುಮಾರು 668 ಮಿಮೀ. 215/75 ಹಾಕಿದರೆ ಸುಮಾರು 703. ಆ ಎರಡರ ವ್ಯತ್ಯಾಸದ ಅರ್ಧ, ಅಂದರೆ ಹೆಚ್ಚುಕಡಿಮೆ 18 ಮಿಮೀ ಆಕ್ಸಲ್ ಮೇಲೆ ಬರುತ್ತದೆ. 235/75 ಆದರೆ 33 ಮಿಮೀ ಸಿಗುತ್ತದೆ, ಆದರೆ ಅದು ಎರಡು ಇಂಚು ಲಿಫ್ಟ್ ಇಲ್ಲದೆ ಬಾಡಿಗೆ ಉಜ್ಜುತ್ತದೆ. ಹಾಗಾಗಿ ಲಿಫ್ಟ್ ಅಂದರೆ ಮುಖ್ಯವಾಗಿ ದೊಡ್ಡ ಟೈರಿಗೆ ಜಾಗ ಮಾಡುವುದು, ಹಳ್ಳಕ್ಕೆ ಇಳಿಯುವಾಗ ಬಂಪರ್ ತಾಗದ ಹಾಗೆ ನೋಡಿಕೊಳ್ಳುವುದು. ಟೈರ್ ಬದಲಾದರೆ ಸ್ಪೀಡೋಮೀಟರ್ ಕಡಿಮೆ ತೋರಿಸುತ್ತದೆ ಅನ್ನುವುದೂ ನೆನಪಿರಲಿ. 215/75ರಲ್ಲಿ ಮುಳ್ಳು 60 ಅಂದಾಗ ಗಾಡಿ 63ರಲ್ಲಿ ಇರುತ್ತದೆ.

ಈಗ ಶ್ಯಾಕಲ್. ಪಾಟಾದ ಒಂದು ತುದಿಯನ್ನು ಚಾಸಿಗೆ ಜೋಡಿಸುವ ಎರಡು ಚಿಕ್ಕ ಪಟ್ಟಿಗಳು ಇವು. ಉದ್ದದ ಪಟ್ಟಿ ಹಾಕಿದರೆ ಗಾಡಿ ಏಳುತ್ತದೆ, ಆದರೆ ಉದ್ದದ ಅರ್ಧದಷ್ಟು ಮಾತ್ರ. ಎರಡು ಇಂಚು ಉದ್ದ ಮಾಡಿದರೆ ಸಿಗುವುದು ಒಂದೇ ಇಂಚು. ಕೆಲಸ ಸುಲಭ, ಒಂದು ಸಂಜೆಯಲ್ಲಿ ಮುಗಿಯುತ್ತದೆ. ನಾಲ್ಕೂ ಗಾಲಿಗೆ ಸೇರಿ ಖರ್ಚು ಒಂದು ಟೈರಿನ ಬೆಲೆಗಿಂತ ಕಡಿಮೆ ಬಂತು. ತೊಂದರೆ ಇರುವುದು ಮುಂದಿನ ಆಕ್ಸಲ್‌ನಲ್ಲಿ. ಜಿಪ್ಸಿಯ ಮುಂದಿನ ಪಾಟಾದ ಶ್ಯಾಕಲ್ ಮುಂತುದಿಯಲ್ಲಿದೆ. ಅದನ್ನು ಉದ್ದ ಮಾಡಿದಾಗ ಪಾಟಾದ ಮುಂತುದಿ ಕೆಳಗಿಳಿದು ಇಡೀ ಆಕ್ಸಲ್ ಮುಂದಕ್ಕೆ ಬಾಗುತ್ತದೆ, ಕ್ಯಾಸ್ಟರ್ ಕೋನ ಕಡಿಮೆಯಾಗುತ್ತದೆ. ಕ್ಯಾಸ್ಟರ್ ಅಂದರೆ ಮುಂದಿನ ಗಾಲಿ ತಿರುಗುವ ಅಚ್ಚು ಹಿಂದಕ್ಕೆ ವಾಲಿರುವ ಕೋನ, ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರ ಆಗುವುದು ಅದರಿಂದಲೇ. ಅದು ಹೋದರೆ ಜೇವರ್ಗಿ ರಸ್ತೆಯಲ್ಲಿ ಎಪ್ಪತ್ತರ ವೇಗದಲ್ಲಿ ಗಾಡಿ ಆ ಕಡೆ ಈ ಕಡೆ ಅಲೆಯುತ್ತದೆ, ಎದುರಿಗೆ ಲಾರಿ ಬಂದರೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿಯಬೇಕು. ಆಕ್ಸಲ್ ಮತ್ತು ಪಾಟಾ ನಡುವೆ ಓರೆ ಬೆಣೆ ಇಟ್ಟು ಇದನ್ನು ಸರಿ ಮಾಡಬಹುದು. ಆದರೆ ಬೆಣೆ, ಪಾಟಾ ಕಟ್ಟನ್ನು ನಡುವೆ ಹಿಡಿಯುವ ಹೊಸ ಸೆಂಟರ್ ಬೋಲ್ಟು, ಕಟ್ಟನ್ನು ಆಕ್ಸಲ್‌ಗೆ ಬಿಗಿಯುವ ಹೊಸ ಯು-ಬೋಲ್ಟು ಅಂತ ಶುರುವಾದರೆ ಅಗ್ಗ ಅನ್ನುವ ಮಾತೇ ಉಳಿಯುವುದಿಲ್ಲ. ಇನ್ನೊಂದು, ಉದ್ದ ಶ್ಯಾಕಲ್‌ಗೆ ನಡುವೆ ಅಡ್ಡಪಟ್ಟಿ ಇಲ್ಲದಿದ್ದರೆ ಗಾಡಿ ಪಕ್ಕಕ್ಕೆ ತೂಗಾಡುತ್ತದೆ. ಹಿಂದಕ್ಕೆ ಮಾತ್ರ ಹಾಕಿದರೆ ಸ್ಟೇರಿಂಗ್ ಇಷ್ಟು ಕೆಡುವುದಿಲ್ಲ, ಆದರೆ ಒಂದಿಂಚಿಗೆ ಅಷ್ಟು ಕೆಲಸ ಯಾಕೆ?

ಪಾಟಾ ಹಾಕಿಸುವ ವಿಷಯದಲ್ಲಿ ನಮ್ಮ ಊರು ಪುಣ್ಯ ಮಾಡಿದೆ. ಸಿಮೆಂಟು, ಫರಸಿ ಕಲ್ಲು ಸಾಗಿಸುವ ಲಾರಿಗಳು ಇಲ್ಲಿ ಇಷ್ಟು ಓಡುತ್ತವೆ, ಪಾಟಾ ಕೆಲಸ ಬಲ್ಲ ಉಸ್ತಾದ್‌ಗಳು ಕೈಗೆಟುಕುವ ದೂರದಲ್ಲೇ ಇದ್ದಾರೆ. ನಾನು ಹೋದ ಉಸ್ತಾದ್ ಗಾಡಿ ನೋಡಿದ ತಕ್ಷಣ ಹೇಳಿದ್ದು, "ಪಾಟಾ ಹಾಕ್ತೀನ್ರಿ, ಆದ್ರ ಖಾಲಿ ಗಾಡ್ಯಾಗ ಭಾಳ ಕುಲುಕ್ತದ್ರಿ, ಆಮ್ಯಾಲ ನನಗ ಅನಬ್ಯಾಡ್ರಿ." ಮಾತು ನೂರಕ್ಕೆ ನೂರು ನಿಜ. ಮೂಲ ಕಟ್ಟಿನ ನಡುವೆ ಹೆಚ್ಚು ಬಾಗಿದ ಒಂದು ಚಿಕ್ಕ ಪಾಟಾ ಸೇರಿಸುತ್ತಾರೆ, ಅದು ಉಳಿದವನ್ನು ಎತ್ತಿ ಹಿಡಿಯುತ್ತದೆ. ನನಗೆ ಒಂದೂವರೆ ಇಂಚಿನ ಹತ್ತಿರ ಸಿಕ್ಕಿತು. ಹಿಂದೆ ತೊಗರಿ ಚೀಲ ತುಂಬಿದಾಗ ಗಾಡಿ ಕುಸಿಯುವುದಿಲ್ಲ. ಈ ಒಂದು ವಿಷಯದಲ್ಲಿ ಕಿಟ್‌ಗಿಂತ ಇದೇ ಮೇಲು. ಒಬ್ಬರೇ ಕೂತು ಹೊರಟರೆ ಮಾತ್ರ ಪ್ರತಿ ಸ್ಪೀಡ್ ಬ್ರೇಕರ್ ಸೊಂಟಕ್ಕೆ ತಿಳಿಯುತ್ತದೆ.

ಇಲ್ಲಿ ಎರಡು ಕಡೆ ಎಚ್ಚರ ಬೇಕು. ಇದ್ದ ಹಳೆಯ ಪಾಟಾವನ್ನೇ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಾಗಿಸಿ ಕೊಡುತ್ತೇನೆ ಅನ್ನುವವರಿದ್ದಾರೆ. ಸ್ಪ್ರಿಂಗ್ ಉಕ್ಕಿಗೆ ಕಾಯಿಸಿದ ಮೇಲೆ ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿ ಟೆಂಪರ್ ಕೊಡಬೇಕು. ಅದಿಲ್ಲದೆ ಸುಮ್ನೆ ಬಾಗಿಸಿದ್ದು ಮತ್ತೆ ಕುಸಿಯುತ್ತದೆ, ಇಲ್ಲವೇ ಮುರಿಯುತ್ತದೆ. ಎರಡನೆಯದು ನೀವೇ ಮನೆಯಲ್ಲಿ ಕಟ್ಟು ಬಿಚ್ಚುವುದಾದರೆ, ಸೆಂಟರ್ ಬೋಲ್ಟ್ ತೆಗೆಯುವ ಮೊದಲು ಎರಡೂ ಬದಿಗೆ ಸಿ-ಕ್ಲ್ಯಾಂಪ್ ಬಿಗಿಯಿರಿ. ಇಲ್ಲದಿದ್ದರೆ ಪಾಟಾಗಳು ಸಿಡಿದು ಬೆರಳು ಹೋಗುತ್ತದೆ.

ಕಿಟ್ ಬೇರೆ ಲೋಕ. ನಾಲ್ಕು ಟೈರಿನ ಬೆಲೆಗಿಂತ ಜಾಸ್ತಿ ಆಯಿತು, ಬರಲು ಕಾಯಬೇಕಾಯಿತು. ಆದರೆ ಅದರಲ್ಲಿ ಬರುವುದು ಬರೀ ಎತ್ತರವಲ್ಲ. ಹೊಸ ಬಾಗು ಇರುವ ತೆಳು ಪಾಟಾಗಳ ಪೂರ್ತಿ ಕಟ್ಟು, ಉದ್ದದ ಶಾಕ್ ಅಬ್ಸಾರ್ಬರ್, ಬುಷ್, ಯು-ಬೋಲ್ಟು ಎಲ್ಲ ಒಟ್ಟಿಗೆ. ಶಾಕ್ ಅಬ್ಸಾರ್ಬರೇ ಇಲ್ಲಿ ನಿರ್ಣಾಯಕ. ಉಳಿದ ಎರಡು ದಾರಿಯಲ್ಲಿ ಹಳೆಯ ಶಾಕ್ ಹಾಗೇ ಇರುತ್ತದೆ. ಗಾಲಿ ತಗ್ಗಿಗೆ ಇಳಿದಾಗ ಅದು ಪೂರ್ತಿ ಎಳೆದು ನಿಂತು, ಆಕ್ಸಲ್‌ನ ಭಾರವೆಲ್ಲ ಅದರ ಮೇಲೆ ಬಿದ್ದು ಒಳಗಿನಿಂದ ಕೆಡುತ್ತದೆ, ಕೊನೆಗೆ ಅದನ್ನು ಹಿಡಿದ ಬ್ರಾಕೆಟ್ಟೇ ಕಿತ್ತುಬರುತ್ತದೆ. ಕಿಟ್ ಹಾಕಿದ ಮೇಲೆ ಚಿಂಚೋಳಿ ಕಡೆಯ ಅದೇ ಕಲ್ಲು ಹಾದಿಯಲ್ಲಿ ಗಾಲಿ ನೆಲ ಬಿಡದೆ ಓಡುವುದು ಕೈಗೆ ಗೊತ್ತಾಗುತ್ತದೆ. (ಅಭಯಾರಣ್ಯದ ಒಳಗಿನ ಮಾತಲ್ಲ ಇದು, ಹೊರಗಿನ ಹಳ್ಳಿ ದಾರಿಗಳು. ಕಾಡೊಳಗೆ ದಾರಿ ಬಿಟ್ಟು ಗಾಡಿ ನುಗ್ಗಿಸುವವರನ್ನು ನಾನು ಒಪ್ಪುವುದಿಲ್ಲ.)

ಪಾಟಾವನ್ನು ಆಕ್ಸಲ್‌ನ ಕೆಳಗಿನಿಂದ ಮೇಲಕ್ಕೆ ಬದಲಿಸಿ ಒಂದೇ ಏಟಿಗೆ ಐದು ಇಂಚು ಎತ್ತುವ ದಾರಿಯೂ ಇದೆ. ವೆಲ್ಡಿಂಗು, ಸ್ಟೇರಿಂಗ್ ಕೊಂಡಿ, ಪ್ರೊಪೆಲ್ಲರ್ ಶಾಫ್ಟು, ಬ್ರೇಕ್ ಪೈಪು ಎಲ್ಲ ಬದಲಾಗಬೇಕು. ಮನೆಯಲ್ಲಿ ಮಾಡುವ ಕೆಲಸವಲ್ಲ, ದಿನಾ ಓಡಿಸುವ ಗಾಡಿಗೆ ಬೇಕಾಗಿಯೂ ಇಲ್ಲ.

ಮನೆಯಲ್ಲಿ ಮಾಡುವವರಿಗೆ ಕೆಲವು ಮಾತು. ನಮ್ಮ ಅಂಗಳಗಳಲ್ಲಿ ಫರಸಿ ಹಾಸಿರುತ್ತದೆ. ಅದರ ಕೆಳಗೆ ಪೊಳ್ಳಿದ್ದರೆ ಜ್ಯಾಕಿನ ಭಾರಕ್ಕೆ ಕಲ್ಲು ಒಡೆದು ಸ್ಟ್ಯಾಂಡ್ ವಾಲುತ್ತದೆ, ಆದ್ದರಿಂದ ಕೆಳಗೆ ದಪ್ಪ ಹಲಗೆ ಇರಲೇಬೇಕು. ಚಾಸಿ ಸ್ಟ್ಯಾಂಡ್ ಮೇಲೆ ಕೂತಿರಲಿ, ಬರೀ ಹೈಡ್ರಾಲಿಕ್ ಜ್ಯಾಕ್ ನಂಬಿ ಕೆಳಗೆ ಹೋಗಬೇಡಿ. ಹಳೆಯ ಯು-ಬೋಲ್ಟ್ ಮತ್ತೆ ಬಳಸಬೇಡಿ, ಒಮ್ಮೆ ಬಿಗಿದಾಗಲೇ ಅವು ಎಳೆದಿರುತ್ತವೆ. ಶ್ಯಾಕಲ್ ಬೋಲ್ಟುಗಳ ಕೊನೆಯ ಬಿಗಿತ ಗಾಡಿ ಗಾಲಿ ಮೇಲೆ ನಿಂತ ಮೇಲೆಯೇ, ಗಾಳಿಯಲ್ಲಿ ತೂಗುವಾಗ ಬಿಗಿದರೆ ರಬ್ಬರ್ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ. ಆಕ್ಸಲ್ ಪೂರ್ತಿ ಇಳಿಬಿಟ್ಟು ಬ್ರೇಕ್ ಪೈಪ್ ಸಡಿಲವಾಗಿದೆಯಾ ನೋಡಿ, ಎಳೆದಿದ್ದರೆ ಉದ್ದದ್ದು ಹಾಕದೆ ಗಾಡಿ ಹೊರಗೆ ತೆಗೆಯಬೇಡಿ. ಸ್ಟೇರಿಂಗ್ ಚಕ್ರ ವಾರೆ ನಿಂತರೆ ಡ್ರ್ಯಾಗ್ ಲಿಂಕ್ (ಸ್ಟೇರಿಂಗ್‌ನಿಂದ ಗಾಲಿ ಕಡೆಗೆ ಹೋಗುವ ಸರಳು) ಹೊಂದಿಸಬೇಕು. ಮೊದಲ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಎಲ್ಲ ಬೋಲ್ಟು ಮತ್ತೊಮ್ಮೆ ಬಿಗಿಯಿರಿ. ಹೆಡ್‌ಲೈಟ್ ತಗ್ಗಿಸಿ, ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಕಾನೂನಿನ ವಿಷಯ ಮುಚ್ಚಿಡುವ ಹಾಗಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿದೆ. ಕೈ ಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲೂ ವಿಮೆಯವರ ಹತ್ತಿರವೂ ಕೇಳಿಕೊಳ್ಳಿ.

ಇದೆಲ್ಲ ಜಿಪ್ಸಿಗೆ. ಹಳೆಯ ಥಾರ್‌ನ ಸಿಆರ್‌ಡಿಇ ಮಾದರಿ ಇರುವವರಿಗೆ ಹಿಂದಿನ ಪಾಟಾ ಮಾತು ಮಾತ್ರ ಹೊಂದುತ್ತದೆ, ಅದರ ಮುಂದೆ ಟಾರ್ಷನ್ ಬಾರ್ ಇದೆ. ಜಿಮ್ನಿಗೆ ನಾಲ್ಕೂ ಕಡೆ ಕಾಯಿಲ್ ಸ್ಪ್ರಿಂಗ್, ಅಲ್ಲಿ ಲೆಕ್ಕವೇ ಬೇರೆ.