ಸ್ವಾಲ್‌ಬಾರ್ಡ್‌ಗೆ ಹೋಗೋದಾದ್ರೆ ಚಿಕ್ಕ ಹಡಗಿನಲ್ಲೇ ಹೋಗಿ

ಸ್ವಾಲ್‌ಬಾರ್ಡ್ ಅಂದರೆ ಉತ್ತರ ಧ್ರುವದ ಕಡೆ ಇರುವ, ನಾರ್ವೆಗೆ ಸೇರಿದ ದ್ವೀಪಗಳ ಗುಂಪು. ಅಲ್ಲಿಗೆ ನಾನು ಎರಡು ಥರದ ಹಡಗಿನಲ್ಲೂ ಹೋಗಿ ಬಂದಿದ್ದೇನೆ. ಮೊದಲು ಇನ್ನೂರರ ಹತ್ತಿರ ಜನ ಹಿಡಿಸುವ ದೊಡ್ಡದು, ಆಮೇಲೆ ಐವತ್ತು ಜನರೂ ಇಲ್ಲದ ಚಿಕ್ಕದು. ಎರಡೂ ಹೊರಟಿದ್ದು ಅಲ್ಲಿನ ಮುಖ್ಯ ಊರಾದ ಲಾಂಗ್‌ಇಯರ್‌ಬೈನ್‌ನಿಂದ, ಸುತ್ತಿದ್ದು ಹೆಚ್ಚುಕಮ್ಮಿ ಅವೇ ಜಾಗಗಳನ್ನು. ಯಾರೇ ಕೇಳಿದರೂ ನಾನು ಹೇಳುವುದು ಚಿಕ್ಕದನ್ನೇ.

ಕಾರಣ ಒಂದೇ, ದಡಕ್ಕೆ ಇಳಿಯುವ ಸರದಿ. ಅಲ್ಲಿ ಬಹುತೇಕ ಕಡೆ ಹಡಗುಕಟ್ಟೆ ಇಲ್ಲ. ಜೋಡಿಯಾಕ್ ಅನ್ನುವ ರಬ್ಬರ್ ದೋಣಿ ಹತ್ತಿ ಹೋಗಬೇಕು. ಮೊದಲು ಗೈಡ್‌ಗಳು ಬಂದೂಕು ಹಿಡಿದು ಇಳಿದು ಹಿಮಕರಡಿ ಇಲ್ಲ ಅಂತ ಖಚಿತ ಮಾಡಿಕೊಳ್ಳುತ್ತಾರೆ. ಆಮೇಲೂ ಸಾಮಾನ್ಯವಾಗಿ ಒಂದು ಸಲಕ್ಕೆ ನೂರು ಜನಕ್ಕಿಂತ ಜಾಸ್ತಿ ದಡಕ್ಕೆ ಬಿಡುವುದಿಲ್ಲ. ಹಾಗಾಗಿ ದೊಡ್ಡ ಹಡಗಿನಲ್ಲಿ ಎರಡು ತಂಡ. ಒಂದು ತಂಡ ದಡದಲ್ಲಿದ್ದರೆ ಇನ್ನೊಂದು ಹಡಗಿನಲ್ಲೇ ಕಾಯಬೇಕು.

ಆ ಕಾಯುವಿಕೆ ಸಣ್ಣದಲ್ಲ. ಉಣ್ಣೆಯ ಒಳಉಡುಪು, ಸ್ವೆಟರ್, ಜಾಕೆಟ್, ಮೇಲೊಂದು ಲೈಫ್ ಜಾಕೆಟ್, ಕಾಲಿಗೆ ಮೊಣಕಾಲುದ್ದದ ರಬ್ಬರ್ ಬೂಟು. ಇಷ್ಟೆಲ್ಲ ಹಾಕಿಕೊಂಡು ಬೆಚ್ಚಗಿನ ಕೋಣೆಯಲ್ಲಿ ಸಾಲಾಗಿ ನಿಂತರೆ ಬೆನ್ನೆಲ್ಲ ಬೆವರು. ಆ ಬೆವರಿನ ಮೈಯಲ್ಲೇ ದೋಣಿ ಹತ್ತಿದರೆ ಗಾಳಿಗೆ ಹಲ್ಲು ಕಡಿಯುವ ಚಳಿ. ಒಂದು ಬೆಳಿಗ್ಗೆ ನಾವು ಎರಡನೇ ತಂಡ. ಮೊದಲ ತಂಡದವರು ನಗುತ್ತಾ ವಾಪಸ್ ಬಂದರು. ನಾವು ಹೊರಡುವಷ್ಟರಲ್ಲಿ ಮಂಜು ಇಳಿಯಿತು. ಮಂಜಿನಲ್ಲಿ ಕರಡಿ ಕಾಣಿಸುವುದಿಲ್ಲ, ಹಾಗಾಗಿ ರದ್ದು. ಆ ನಿರ್ಧಾರ ಸರಿಯೇ. ಆದರೆ ಒಂದೇ ತಂಡ ಇದ್ದಿದ್ದರೆ ಎಲ್ಲರೂ ಹೋಗಿ ಬಂದಿರುತ್ತಿದ್ದೆವು, ಅಲ್ವಾ?

ಚಿಕ್ಕ ಹಡಗಿನಲ್ಲಿ ಸರದಿಯ ಮಾತೇ ಇಲ್ಲ. ಎಲ್ಲರೂ ಒಟ್ಟಿಗೆ ಇಳಿದು ಒಟ್ಟಿಗೆ ಹತ್ತುತ್ತಾರೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಕೊನೆಯ ಹತ್ತಿರದವರೆಗೂ ಅಲ್ಲಿ ಸೂರ್ಯ ಮುಳುಗುವುದಿಲ್ಲ. ಸಮುದ್ರ ಶಾಂತವಾಗಿದ್ದರೆ ರಾತ್ರಿ ಊಟ ಆದ ಮೇಲೂ ದೋಣಿ ಇಳಿಸುತ್ತಿದ್ದರು. ಹಾಗೇ ಒಂದು ರಾತ್ರಿ ಹಿನ್ಲೋಪನ್ ಜಲಸಂಧಿಯ ಆಲ್ಕೆಫ್ಯೆಲ್ಲೆಟ್ ಬಂಡೆಗಳ ಕೆಳಗೆ ಹೋದೆವು. ಬಂಡೆಯ ಅಂಚುಗಳಲ್ಲಿ ಸಾವಿರಾರು ಗಿಲ್ಲೆಮಾಟ್ ಹಕ್ಕಿಗಳು ಒತ್ತಿಕೊಂಡು ಕೂತಿರುತ್ತವೆ. ಜುಲೈ ಕೊನೆಗೆ ಅವುಗಳ ಮರಿಗಳು ಹಾರಲು ಬರುವ ಮೊದಲೇ ನೀರಿಗೆ ಜಿಗಿಯುತ್ತವೆ. ಮುಷ್ಟಿಯಷ್ಟು ಮರಿಯೊಂದು ಅಂಚಿಗೆ ಬಂತು, ಹಿಂದೆ ಸರಿಯಿತು, ಮತ್ತೆ ಬಂತು, ಕೊನೆಗೆ ಜಿಗಿದೇಬಿಟ್ಟಿತು. ನೀರಿನಲ್ಲಿ ಅಪ್ಪ ಹಕ್ಕಿ ಅದರ ಪಕ್ಕ ಸೇರಿಕೊಳ್ಳುವ ತನಕ ನಾವು ಅಲ್ಲೇ ಇದ್ದೆವು. ಇನ್ನೊಂದು ತಂಡ ಕಾಯುತ್ತಿದ್ದರೆ ಅಷ್ಟು ಹೊತ್ತು ನಿಲ್ಲಲು ಆಗುತ್ತಿರಲಿಲ್ಲ.

ಹಿಮಕರಡಿಗೋಸ್ಕರ ಹಡಗು ಆರಿಸಬೇಡಿ. 2025ರಿಂದ ಕರಡಿಗೆ ಕನಿಷ್ಠ 300 ಮೀಟರ್ ದೂರ ಇರಬೇಕು, ಮಾರ್ಚ್‌ನಿಂದ ಜೂನ್ ಕೊನೆಯವರೆಗೆ 500. ಯಾವ ಹಡಗಾದರೂ ಬೈನಾಕ್ಯುಲರ್ ಬೇಕೇ ಬೇಕು. ನಿ-ಓಲೆಸುಂಡ್‌ನಲ್ಲಿ ನಮ್ಮ ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ಇದೆ. ಅದನ್ನು ಹೊರಗಿನಿಂದ ನೋಡಲು ಎರಡೂ ಪ್ರವಾಸದಲ್ಲಿ ಸಿಕ್ಕಿತು, ಎದೆ ತುಂಬಿ ಬಂತು.

ಅಲೆಗೆ ಚಿಕ್ಕ ಹಡಗು ಜಾಸ್ತಿ ಓಲಾಡುತ್ತದೆ. ವಾಂತಿ ಬರುವವರಿಗೆ ದೊಡ್ಡದೇ ವಾಸಿ. ಸಸ್ಯಾಹಾರದ ವಿಷಯ ಬುಕಿಂಗ್‌ನಲ್ಲೇ ಹೇಳಿದರೆ ಎರಡರಲ್ಲೂ ಮಾಡಿಕೊಡುತ್ತಾರೆ. ವೀಸಾ ಮಾತ್ರ ಹುಷಾರು. ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ಷೆಂಗೆನ್ ವಲಯಕ್ಕೆ ನಾರ್ವೆ ಸೇರಿದೆ, ಸ್ವಾಲ್‌ಬಾರ್ಡ್ ಸೇರಿಲ್ಲ. ನಾರ್ವೆಯ ಓಸ್ಲೋ ಮೇಲೆ ಹೋಗಿ ಬರಲು ಎರಡು ಸಲ ಪ್ರವೇಶ ಇರುವ ಷೆಂಗೆನ್ ವೀಸಾ ಬೇಕು.

ಚಿಕ್ಕದು ದುಬಾರಿ, ನಿಜ. ನಾನು ಮೂರು ಜನ ಹಂಚಿಕೊಳ್ಳುವ ಕ್ಯಾಬಿನ್ ತೆಗೆದುಕೊಂಡೆ, ಖರ್ಚು ಎಷ್ಟೋ ಇಳಿಯಿತು. ನಾನು ಹೇಗೂ ಕ್ಯಾಬಿನ್‌ಗೆ ಹೋಗುವುದು ಮಲಗುವುದಕ್ಕೆ ಮಾತ್ರ, ಉಳಿದ ಹೊತ್ತೆಲ್ಲ ಡೆಕ್ ಮೇಲೆ. ಅಷ್ಟು ಹಣ ಹೊಂದಿಸಲು ಆಗದಿದ್ದರೆ ದೊಡ್ಡ ಹಡಗಿಗೆ ಸುರಿಯುವ ಬದಲು ಲಾಂಗ್‌ಇಯರ್‌ಬೈನ್‌ನಲ್ಲಿ ಉಳಿದುಕೊಳ್ಳಿ. ಅಲ್ಲಿಂದ ದಿನದ ದೋಣಿಯಲ್ಲಿ ಪಿರಮಿಡೆನ್‌ಗೆ ಹೋಗಿ ಬನ್ನಿ. 1998ರಲ್ಲಿ ಮುಚ್ಚಿದ ರಷ್ಯನ್ನರ ಕಲ್ಲಿದ್ದಲು ಊರು ಅದು. ಎದುರಿಗೇ ನೂರ್ಡೆನ್‌ಶಿಯೋಲ್ಡ್ ಹಿಮನದಿ, ಸಂಜೆಗೆ ವಾಪಸ್.