ಬಟ್ಟೆ ಡೈಪರ್ ಸರಿ, ಆದರೆ ಒಗೆಯೋದು ಯಾರು?

ಪುಟ್ಟ ಮಕ್ಕಳಿರುವ ನಾಲ್ಕು ಜನ ಸೇರಿದರೆ ಜಗಳಕ್ಕೆ ವಿಷಯ ಹುಡುಕಬೇಕಾಗಿಲ್ಲ. ವಾಕರ್ ಕೊಡಿಸಬೇಕಾ ಬೇಡ್ವಾ, ಗ್ರೈಪ್ ವಾಟರ್ ಕುಡಿಸಬಹುದಾ, ರಾಗಿ ಸರಿ ಯಾವಾಗ ಶುರು ಮಾಡಬೇಕು, ಹೀಗೆ ಸಾಗುತ್ತದೆ. ನಾನು ಕಂಡ ಹಾಗೆ ಎಲ್ಲಕ್ಕಿಂತ ಜೋರಾಗಿ ನಡೆಯೋದು ಡೈಪರ್ ಜಗಳ. ಬಟ್ಟೆಯದಾ, ಬಳಸಿ ಬಿಸಾಡೋದಾ, ಅಜ್ಜಿ ಕಾಲದ ಲಂಗೋಟಿಯಾ? ನಮ್ಮ ಮಗನಿಗೆ ಈಗ ಎರಡೂವರೆ ವರ್ಷ. ಮೂರನ್ನೂ ಹಾಕಿದ್ದೇವೆ. ಜಾಸ್ತಿ ಕಾಲ ಹಾಕಿದ್ದು ಬಟ್ಟೆಯ ಪಾಕೆಟ್ ಡೈಪರ್. ಈ ವಿಮರ್ಶೆ ಅದರದ್ದು.

ಮೊದಲೇ ಹೇಳಿಬಿಡುತ್ತೇನೆ. ವಸ್ತು ಒಳ್ಳೆಯದು. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಆದರೆ ಇದನ್ನು ಕೊಂಡರೆ ಮನೆಗೆ ಡೈಪರ್ ಜೊತೆ ದಿನಾ ಮಾಡುವ ಒಂದು ಕೆಲಸವೂ ಬರುತ್ತದೆ. ಆ ಕೆಲಸ ಯಾರದು ಅಂತ ಮನೆಯಲ್ಲಿ ಮಾತಾಡದೆ ಕೊಳ್ಳಬೇಡಿ.

ಗೊತ್ತಿಲ್ಲದವರಿಗೆ: ಇದರ ಹೊರಗಿನ ಬಟ್ಟೆ ಪಿಯುಎಲ್. ಪಾಲಿಯೆಸ್ಟರ್‌ಗೆ ತೆಳುವಾದ ಪಾಲಿಯುರೆಥೇನ್ ಪದರ ಅಂಟಿಸಿರುತ್ತಾರೆ, ಹಾಗಾಗಿ ನೀರು ಹೊರಗೆ ಬರುವುದಿಲ್ಲ. ಮಗುವಿನ ಮೈಗೆ ತಾಗೋದು ಮೆತ್ತನೆಯ ಫ್ಲೀಸ್. ಎರಡರ ನಡುವೆ ಇರುವ ಚೀಲದೊಳಗೆ ಉಚ್ಚೆ ಹೀರುವ ಪ್ಯಾಡ್ ತೂರಿಸಬೇಕು. ಅದಕ್ಕೆ ಇನ್ಸರ್ಟ್ ಅಂತಾರೆ. ಮುಂದೆ ಸಾಲು ಸಾಲು ಟಿಚ್ ಬಟನ್ ಇರುತ್ತವೆ, ಮಗು ಬೆಳೆದ ಹಾಗೆ ಬಟನ್ ಬದಲಿಸುತ್ತಾ ಹೋದರೆ ಆಯ್ತು. ನಮ್ಮದರ ಮೇಲೆ 5ರಿಂದ 17 ಕೆ.ಜಿ. ಅಂತ ಬರೆದಿತ್ತು. ಅದಕ್ಕಿಂತ ಕಡಿಮೆ ತೂಕದ ಹಸುಗೂಸಿಗೆ ತೊಡೆಯ ಹತ್ತಿರ ಸಂದಿ ಉಳಿದು ಸೋರುತ್ತದೆ. ಆ ತಿಂಗಳುಗಳಲ್ಲಿ ಅಮ್ಮ ಹಳೇ ಕಾಟನ್ ಸೀರೆ ಹರಿದು ಹೊಲಿದ ಲಂಗೋಟಿಗಿಂತ ಒಳ್ಳೆಯದು ಬೇರೆ ಸಿಗಲಿಲ್ಲ.

ಎಲ್ಲ ಇನ್ಸರ್ಟೂ ಒಂದೇ ಅಲ್ಲ. ಮೈಕ್ರೋಫೈಬರ್ ಬೇಗ ಹೀರುತ್ತದೆ, ಆದರೆ ಮಗು ಕೂತು ಒತ್ತಿದರೆ ಅಷ್ಟೇ ಬೇಗ ಬಿಟ್ಟುಬಿಡುತ್ತದೆ. ಬ್ಯಾಂಬೂ (ಬಿದಿರಿನ ನಾರು), ಹೆಂಪ್ (ಸೆಣಬಿನಂಥ ನಾರು) ನಿಧಾನಕ್ಕೆ ಹೀರುತ್ತವೆ, ಆದರೆ ಹಿಡಿದಿಟ್ಟುಕೊಳ್ಳುತ್ತವೆ. ರಾತ್ರಿ ಹೊತ್ತು ಮೇಲೆ ಮೈಕ್ರೋಫೈಬರ್, ಕೆಳಗೆ ಹೆಂಪ್ ಇಟ್ಟರೆ ಬೆಳಗಿನ ತನಕ ಹಾಸಿಗೆ ಒಣಗಿರುತ್ತದೆ. ಗಂಡು ಮಗುವಾದರೆ ಇನ್ಸರ್ಟಿನ ತುದಿಯನ್ನು ಮುಂದೆ ಒಂದು ಮಡಿಕೆ ಮಡಿಸಿ ಹಾಕಿ. ಸೋರೋದು ಅಲ್ಲೇ. ಮೈಕ್ರೋಫೈಬರನ್ನು ನೇರವಾಗಿ ಚರ್ಮಕ್ಕೆ ತಾಗಿಸಬೇಡಿ, ತೇವವನ್ನೆಲ್ಲ ಎಳೆದುಕೊಂಡು ಚರ್ಮ ಒರಟು ಮಾಡುತ್ತದೆ. ಹೊಸ ಬ್ಯಾಂಬೂ ಇನ್ಸರ್ಟನ್ನು ನಾಲ್ಕೈದು ಸಲ ಒಗೆದ ಮೇಲೇ ಅದು ಸರಿಯಾಗಿ ಹೀರೋದು. ಬಟ್ಟೆ ಮೆತ್ತಗಾಗಲಿ ಅಂತ ಹಾಕುವ ಸಾಫ್ಟ್‌ನರ್ ಪೂರ್ತಿ ನಿಷಿದ್ಧ.

ಇನ್ನು ಎಣ್ಣೆ. ಎಣ್ಣೆ ನೀರು ಹಾಕೋದು ನಮ್ಮ ಮನೆಗಳಲ್ಲಿ ತಪ್ಪದ ಸಂಪ್ರದಾಯ. ಕೊಬ್ಬರಿ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ತಿಕ್ಕಿ, ಸ್ನಾನ ಮಾಡಿಸಿ, ಸಾಂಬ್ರಾಣಿ ಹೊಗೆ ಕೊಟ್ಟು ಡೈಪರ್ ಕಟ್ಟುತ್ತೇವೆ. ಸ್ನಾನವಾದ ಮೇಲೂ ತೊಡೆಯ ಮಡಿಕೆಯಲ್ಲಿ ಎಣ್ಣೆ ಉಳಿದಿರುತ್ತದೆ. ಅದು ಫ್ಲೀಸಿಗೆ ಹತ್ತಿದರೆ ಉಚ್ಚೆ ಒಳಗೆ ಇಳಿಯದೆ ಮೇಲೇ ಜಾರಿ ಪಕ್ಕದಿಂದ ಹೊರಗೆ ಬರುತ್ತದೆ. ಜಿಂಕ್ ಆಕ್ಸೈಡ್ ಇರುವ ರ‍್ಯಾಶ್ ಕ್ರೀಮ್‌ದೂ ಇದೇ ಕಥೆ. 'ಎಷ್ಟು ದುಡ್ಡು ಕೊಟ್ಟರೂ ಸೋರುತ್ತೆ' ಅಂತ ಬೈಯುವವರ ಮನೆಯಲ್ಲಿ ಬಹಳ ಸಲ ಕಾರಣ ಇದೇ ಆಗಿರುತ್ತದೆ. ಎಣ್ಣೆ ನೀರಾದ ಮೇಲೆ ಒಂದೆರಡು ಗಂಟೆ ಲಂಗೋಟಿ ಹಾಕಿ, ಆಮೇಲೆ ಡೈಪರ್ ಹಾಕಿದರೆ ಯಾರ ಮನಸ್ಸೂ ನೋಯುವುದಿಲ್ಲ.

ನಮ್ಮತ್ತೆ ಒಂದೇ ಮಾತು ಹೇಳುತ್ತಿದ್ದರು: "ನೋಡಮ್ಮಾ, ಮಗು ಮೈಗೆ ಗಾಳಿ ಆಡಬೇಕು." ಇದು ನೂರಕ್ಕೆ ನೂರು ಸರಿ. ಬಟ್ಟೆಯದಾದರೂ ಅಷ್ಟೇ, ಬಿಸಾಡುವುದಾದರೂ ಅಷ್ಟೇ, ಒದ್ದೆಯಾದದ್ದು ಜಾಸ್ತಿ ಹೊತ್ತು ಚರ್ಮಕ್ಕೆ ತಾಗಿಕೊಂಡಿದ್ದರೆ ಕೆಂಪಗಾಗುತ್ತದೆ. ಹಗಲು ಹೊತ್ತು ಬಟ್ಟೆಯದನ್ನು ಎರಡು ಮೂರು ಗಂಟೆಗೊಮ್ಮೆ ಬದಲಿಸಲೇಬೇಕು. ಕಕ್ಕ ಮಾಡಿದರೆ ತಕ್ಷಣ. ಆದರೆ ಡೈಪರ್ ಹಾಕಿದರೆ ಕಾಲು ಸೊಟ್ಟ ಆಗುತ್ತದೆ ಅನ್ನೋ ಮಾತನ್ನು ಒಪ್ಪೋಕಾಗಲ್ಲ. ಎಲ್ಲ ಮಕ್ಕಳ ಕಾಲೂ ಮೊದಲ ಒಂದೂವರೆ ಎರಡು ವರ್ಷ ಸ್ವಲ್ಪ ಬಾಗಿಯೇ ಇರುತ್ತದೆ, ಆಮೇಲೆ ತಾನಾಗಿ ನೇರವಾಗುತ್ತದೆ. ಪೌಡರ್ ವಿಷಯದಲ್ಲೂ ಹಿರಿಯರ ಮಾತು ಕೇಳಬೇಡಿ. ಆ ಧೂಳು ಮಗುವಿನ ಉಸಿರಿಗೆ ಹೋಗುತ್ತದೆ.

ಬೆಂಗಳೂರಿನಲ್ಲಿ ಇದರ ನಿಜವಾದ ಪರೀಕ್ಷೆ ನೀರು ಮತ್ತು ಬಿಸಿಲು. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಸೋಪು ಸರಿಯಾಗಿ ಹೋಗುವುದಿಲ್ಲ. ತಿಂಗಳುಗಟ್ಟಲೆ ಹಾಗೇ ಒಗೆದರೆ ಇನ್ಸರ್ಟು ಹಪ್ಪಳದ ಹಾಗೆ ಗಟ್ಟಿಯಾಗುತ್ತದೆ, ಹೀರುವುದು ಕಡಿಮೆಯಾಗುತ್ತದೆ, ವಾಸನೆ ಹಿಡಿಯುತ್ತದೆ. ನಾವು ಕಾವೇರಿ ನೀರು ಬರುವ ದಿನ ನೋಡಿಕೊಂಡು ಡೈಪರ್ ಒಗೆಯುತ್ತೇವೆ. 2024ರ ಬೇಸಿಗೆ ನೆನಪಿದೆಯಲ್ಲ? ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ಟ್ಯಾಂಕರಿಗೆ ಕಾಯುವ ಮನೆಯಲ್ಲಿ ಬಟ್ಟೆ ಡೈಪರ್ ಹಾಕಿ ಅಂತ ಹೇಳುವುದು ನ್ಯಾಯವಲ್ಲ. ಅಂಥ ವಾರಗಳಲ್ಲಿ ಬಿಸಾಡುವುದನ್ನು ಹಾಕಿ, ಮನಸ್ಸಿಗೆ ಏನೂ ಹಚ್ಚಿಕೊಳ್ಳಬೇಡಿ.

ಬಿಸಿಲಿದ್ದರೆ ಅರ್ಧ ಕೆಲಸ ಅದೇ ಮಾಡುತ್ತದೆ. ಎದೆಹಾಲು ಕುಡಿಯುವ ಮಗುವಿನ ಕಕ್ಕದ ಅರಿಶಿನ ಬಣ್ಣದ ಕಲೆ ಸೋಪಿಗೆ ಜಗ್ಗುವುದಿಲ್ಲ. ತಾರಸಿ ಮೇಲೆ ಒದ್ದೆ ಇನ್ಸರ್ಟನ್ನು ಹರಡಿ, ಸಂಜೆ ತೆಗೆದು ನೋಡಿ, ಬೆಳ್ಳಗಾಗಿರುತ್ತದೆ. ಹೊರಗಿನ ಪಿಯುಎಲ್ ಮಾತ್ರ ನೆರಳಲ್ಲಿ ಒಣಗಬೇಕು. ಜುಲೈ ಬಂದರೆ ಎಲ್ಲ ಉಲ್ಟಾ. ಹೆಂಪ್ ಇನ್ಸರ್ಟ್ ಎರಡು ದಿನವಾದರೂ ಒಣಗುವುದಿಲ್ಲ, ಫ್ಯಾನಿನ ಕೆಳಗೆ ಹಗ್ಗ ಕಟ್ಟಿ ಹಾಲೆಲ್ಲ ಡೈಪರ್ ಅಂಗಡಿ.

ಪರಿಸರದ ಲೆಕ್ಕವನ್ನು ಎರಡೂ ಕಡೆಯವರು ತಮಗೆ ಬೇಕಾದ ಹಾಗೆ ಹೇಳುತ್ತಾರೆ. ಬ್ರಿಟನ್ನಿನ ಪರಿಸರ ಸಂಸ್ಥೆಯ 2008ರ ವರದಿಯಲ್ಲಿ ಒಂದು ಮಗುವಿನ ಎರಡೂವರೆ ವರ್ಷದ ಡೈಪರ್‌ಗಳಿಂದ ಗಾಳಿಗೆ ಎಷ್ಟು ಇಂಗಾಲ ಸೇರುತ್ತದೆ ಅಂತ ಲೆಕ್ಕ ಹಾಕಿದ್ದರು. ಬಿಸಾಡುವುದಕ್ಕೆ ಸುಮಾರು 550 ಕೆ.ಜಿ., ಬಟ್ಟೆಯದಕ್ಕೆ ಸುಮಾರು 570. ಅಂದರೆ ಹೆಚ್ಚು ಕಡಿಮೆ ಸಮ. ಆದರೆ ಮೆಷಿನ್ ತುಂಬಿಸಿ ಒಗೆದು, ಹಗ್ಗದ ಮೇಲೆ ಒಣಗಿಸಿ, ಎರಡನೇ ಮಗುವಿಗೂ ಅದನ್ನೇ ಬಳಸಿದರೆ ಬಟ್ಟೆಯದರಲ್ಲಿ 200 ಕೆ.ಜಿ. ಇಳಿಯುತ್ತದೆ ಅಂತಲೂ ಅದೇ ವರದಿ ಹೇಳಿತು. ಈ ಮೂರರಲ್ಲಿ ಎರಡನ್ನು ಯಾರೂ ಹೇಳಿಕೊಡದೆ ನಮ್ಮ ಮನೆಗಳಲ್ಲಿ ಮಾಡುತ್ತಲೇ ಇದ್ದೇವೆ, ಅಲ್ವಾ? 2023ರಲ್ಲಿ ಅಲ್ಲಿನ ಸರ್ಕಾರದ ಹೊಸ ಲೆಕ್ಕದಲ್ಲಿ ಬಟ್ಟೆಯದು 25 ಶೇಕಡಾ ಕಡಿಮೆ ಬಂತು.

ನನಗೆ ಇಂಗಾಲಕ್ಕಿಂತ ಹತ್ತಿರದ್ದು ನಮ್ಮೂರಿನ ಕಸ. 2012ರಲ್ಲಿ ಮಾವಳ್ಳಿಪುರ, 2014ರಲ್ಲಿ ಮಂಡೂರು, ಎರಡೂ ಕಡೆ ಹಳ್ಳಿಯವರು ಬೆಂಗಳೂರಿನ ಕಸ ಬೇಡ ಅಂತ ತಿರುಗಿ ನಿಂತರು. ಅಲ್ಲಿಗೆ ಹೋಗುತ್ತಿದ್ದ ಕಸದ ಲಾರಿಗಳಲ್ಲಿ ನಮ್ಮ ಮಕ್ಕಳ ಡೈಪರೂ ಇತ್ತು. ಬಳಸಿ ಬಿಸಾಡುವವರನ್ನು ನಾನು ಬೈಯುವುದಿಲ್ಲ, ನಮ್ಮ ಮನೆಯಲ್ಲೂ ಪ್ರಯಾಣಕ್ಕೆ ಅದೇ. ಆದರೆ ಕಕ್ಕವನ್ನು ಮೊದಲು ಕಮೋಡಿಗೆ ಹಾಕಿ, ಆಮೇಲೆ ಪೇಪರಿನಲ್ಲಿ ಗಟ್ಟಿಯಾಗಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡಿ. ಹಸಿ ಕಸದ ಬಕೆಟ್ಟಿಗೆ ತುರುಕಿದರೆ ಅದನ್ನು ಬೆಳಗ್ಗೆ ಬರಿಗೈಯಲ್ಲಿ ತೆಗೆಯೋದು ಒಬ್ಬ ಪೌರಕಾರ್ಮಿಕ ಹೆಂಗಸು. ಇದರಲ್ಲಿ ಚರ್ಚೆ ಮಾಡೋಕೆ ಎರಡು ಪಕ್ಷ ಇಲ್ಲ.

ಈಗ ಒಗೆಯುವ ವಿಷಯ. ಯಾವ ಕಡೆ ವಾದ ಮಾಡುವವರೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಬಟ್ಟೆ ಡೈಪರ್ ಹಾಕುವವಳು ಒಳ್ಳೆ ತಾಯಿ, ಬಿಸಾಡುವುದನ್ನು ಹಾಕುವವಳು ಸೋಮಾರಿ ಅಂತ ಎಷ್ಟು ಜನ ಮುಖಕ್ಕೇ ಹೇಳುತ್ತಾರೆ! ಅಪ್ಪನನ್ನು ಯಾರೂ ಕೇಳುವುದಿಲ್ಲ. 2017ರಲ್ಲಿ ಕಾನೂನು ತಾಯಿಗೆ 26 ವಾರ ರಜೆ ಕೊಟ್ಟಿತು. ಖಾಸಗಿ ಕೆಲಸದ ಅಪ್ಪನಿಗೆ ಕಾನೂನಿನಲ್ಲಿ ಒಂದು ದಿನವೂ ಇಲ್ಲ. ಹಾಗಾಗಿ ಮೊದಲ ದಿನದಿಂದ ಬಕೆಟ್ ಯಾರ ಪಾಲಿಗೆ ಬರುತ್ತದೆ ಅಂತ ಬಿಡಿಸಿ ಹೇಳಬೇಕಾ? ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಬಾತ್‌ರೂಮಿನಲ್ಲಿ ಕುಕ್ಕರುಗಾಲಲ್ಲಿ ಕೂತು ಡೈಪರ್ ತೊಳೆಯುವ ಹೆಂಗಸರನ್ನು ನಾನು ನೋಡಿದ್ದೇನೆ. ಅದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಕೆಲಸದಾಕೆ ಒಗೀತಾಳೆ ಬಿಡಿ ಅನ್ನುವುದೂ ಪರಿಹಾರ ಅಲ್ಲ. ನಮ್ಮ ಮಗುವಿನ ಕಕ್ಕವನ್ನು ನಾವೇ ಜೆಟ್ ಸ್ಪ್ರೇ ಹಿಡಿದು ತೊಳೆಯಬೇಕು. ಉಳಿದದ್ದನ್ನು ಒಗೆಸಿದರೂ ಅದಕ್ಕೆ ಬೇರೆ ದುಡ್ಡು ಕೊಡಬೇಕು.

ನಮ್ಮ ಮನೆಯಲ್ಲಿ ಇದು ನಡೆದದ್ದು ನನ್ನ ಗಂಡ ಬಕೆಟ್ ತನ್ನದು ಅಂತ ಒಪ್ಪಿಕೊಂಡಿದ್ದರಿಂದ. ಬೆಳಗ್ಗೆ ಕಾಫಿಗೆ ಮುಂಚೆ ರಾತ್ರಿಯದೆಲ್ಲ ತೊಳೆದು ಮೆಷಿನ್ನಿಗೆ ಹಾಕುತ್ತಾರೆ. ಸಂಜೆ ಇನ್ಸರ್ಟ್ ತುಂಬಿಸಿ ಜೋಡಿಸುವುದು ನಾನು. ಅವರು ಊರಲ್ಲಿಲ್ಲದ ವಾರ ಬಿಸಾಡುವುದೇ. ಇದರ ಬಗ್ಗೆ ಮನೆಯಲ್ಲಿ ಯಾರಿಗೂ ಕೊರಗಿಲ್ಲ.

ಡೇಕೇರ್‌ನವರು ಬಟ್ಟೆಯದನ್ನು ಒಪ್ಪಲಿಲ್ಲ. ಒದ್ದೆಯಾದದ್ದನ್ನು ಕವರಿಗೆ ಹಾಕಿಡಿ, ನಾವು ಒಯ್ಯುತ್ತೇವೆ ಅಂದರೂ ಆಗಲ್ಲ ಅಂದರು. ನನಗೆ ಬೇಜಾರಾಯಿತು. ಹತ್ತಾರು ಮಕ್ಕಳನ್ನು ನೋಡುವ ಆ ಆಯಾಗಳಿಗೆ ಇನ್ನೊಂದು ಕೆಲಸ ಹೊರಿಸಲು ನನಗೂ ಮನಸ್ಸಾಗಲಿಲ್ಲ.

ಕೊಳ್ಳುವವರು ಒಂದೇ ಸಲ ಇಪ್ಪತ್ತರ ಪ್ಯಾಕ್ ತಗೋಬೇಡಿ. ಮೂರು ತಗೊಂಡು ಹಗಲು ಹೊತ್ತು ಬಳಸಿ ನೋಡಿ, ಅದೂ ಮಳೆಗಾಲ ಬಿಟ್ಟು. ಎರಡು ವರ್ಷದಲ್ಲಿ ನಮ್ಮದರ ಇನ್ಸರ್ಟುಗಳು ಹಾಳಾಗಿಲ್ಲ, ಟಿಚ್ ಬಟನ್ ಒಂದೂ ಕಿತ್ತಿಲ್ಲ. ತೊಡೆಯ ಎಲಾಸ್ಟಿಕ್ ಮಾತ್ರ ಸಡಿಲವಾಗಿತ್ತು. ಬೀದಿ ಕೊನೆಯ ಟೈಲರ್ ಹೊಲಿಗೆ ಬಿಚ್ಚಿ ಹೊಸ ಎಲಾಸ್ಟಿಕ್ ಹಾಕಿಕೊಟ್ಟರು. ಮುಂದಿನ ತಿಂಗಳು ತಂಗಿಯ ಹೆರಿಗೆ, ಅಷ್ಟೂ ಅವಳಿಗೆ ಹೋಗುತ್ತವೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಹೊರಗಿನ ಪಿಯುಎಲ್ ಅನ್ನು ಬೆಳಕಿಗೆ ಹಿಡಿದು ನೋಡಿ. ಅದು ಬಿರುಕು ಬಿಟ್ಟಿದ್ದರೆ ಯಾವ ಟೈಲರೂ ಸರಿ ಮಾಡಲಾರ, ಬಿಟ್ಟು ಬೇರೆ ಆರಿಸಿ.